ಖಾಲಿ ಹಾಳೆಗೆ ಹೆದರಬೇಡಿ, ಕಥೆ ವಾಡಿಯಲ್ಲೇ ಇದೆ

ಕಥೆ ಬರೆಯಬೇಕೆಂಬ ಆಸೆ ನಮ್ಮ ಯುವಕ ಯುವತಿಯರಿಗೆ ಇಲ್ಲವೆಂದಲ್ಲ. ಆಸೆ ಬೇಕಾದಷ್ಟಿದೆ. ಆದರೆ ಹಾಳೆ ಮುಂದಿಟ್ಟುಕೊಂಡು ಕುಳಿತರೆ ಒಂದು ಸಾಲೂ ಮೂಡುವುದಿಲ್ಲ. ಮೂಡಿದ ಸಾಲನ್ನು ಮರುಕ್ಷಣವೇ ನಾವೇ ಹೊಡೆದುಹಾಕುತ್ತೇವೆ. ಯಾಕೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, "ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ." ಇನ್ನೊಂದು, "ವಾಡಿಯಲ್ಲಿ ಬರೆಯುವಂಥದ್ದು ಏನಿದೆ? ಕಥೆಗಳೆಲ್ಲ ಊರಿನಲ್ಲಿವೆ." ಈ ಎರಡೂ ಉತ್ತರಗಳನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

ಶುದ್ಧ ಕನ್ನಡವೆಂಬ ಗುಮ್ಮ

ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರ ಮನೆಮಾತು ಮರಾಠಿ. ಗಿರೀಶ ಕಾರ್ನಾಡರದು ಕೊಂಕಣಿ; ಅವರು ಹುಟ್ಟಿದ್ದೂ ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಮೂವರಿಗೂ ಜ್ಞಾನಪೀಠ ಬಂದದ್ದು ಕನ್ನಡದ ಬರವಣಿಗೆಗೆ: ಬೇಂದ್ರೆಯವರಿಗೆ 1973ರಲ್ಲಿ, ಮಾಸ್ತಿಯವರಿಗೆ 1983ರಲ್ಲಿ, ಕಾರ್ನಾಡರಿಗೆ 1998ರಲ್ಲಿ.

ಎ. ಕೆ. ರಾಮಾನುಜನ್ ಅವರ ಬಾಲ್ಯದ ಮೈಸೂರಿನ ಮನೆಯನ್ನು ನೆನೆಯಿರಿ. ಕೆಳಗೆ ತಾಯಿಯೊಂದಿಗೆ ತಮಿಳು, ಮಹಡಿಯಲ್ಲಿ ಗಣಿತದ ಪ್ರಾಧ್ಯಾಪಕರಾದ ತಂದೆಯೊಂದಿಗೆ ಇಂಗ್ಲಿಷು, ಬೀದಿಗೆ ಇಳಿದರೆ ಕನ್ನಡ. ಮುಂದೆ ಅವರು ಷಿಕಾಗೋದಲ್ಲಿ ಅಧ್ಯಾಪಕರಾಗಿದ್ದುಕೊಂಡೇ ಕನ್ನಡದಲ್ಲಿ ಕವಿತೆ ಬರೆದರು. ನಮ್ಮ ಮನೆಗಳೂ ಹೀಗೆಯೇ ಅಲ್ಲವೇ? ಅಡಿಗೆಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಬಜಾರಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು. ರಾಮಾನುಜನ್ನರಿಗೆ ಆಸ್ತಿಯಾದದ್ದು ನಮಗೆ ಮಾತ್ರ ಕೊರತೆಯಾಗಿ ಕಾಣುವುದೇಕೆ?

ಇತ್ತೀಚಿನ ಉದಾಹರಣೆ ಬೇಕೆಂದರೆ ಹಾಸನದ ಬಾನು ಮುಷ್ತಾಕ್ ಇದ್ದಾರೆ. ಮನೆಯಲ್ಲಿ ಉರ್ದು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿ ಕನ್ನಡ ಅಕ್ಷರ ಕಲಿತವರು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಅವರ ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆದ್ದರಿಂದ ನಿಮ್ಮ ವಾಕ್ಯದಲ್ಲಿ ನಡುವೆ ಒಂದು ಮರಾಠಿ ಪದ ಬಂತೆಂದು ಲೇಖನಿ ಕೆಳಗಿಡಬೇಡಿ. ನಿಮ್ಮ ಪಾತ್ರ ಹಾಗೆ ಮಾತಾಡುವುದಾದರೆ ಹಾಗೆಯೇ ಬರೆಯಿರಿ.

ಊರು ಎಲ್ಲಿದೆ?

ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು. ದುಡಿದದ್ದು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ. ಹನೇಹಳ್ಳಿಯನ್ನು ಕಥೆಗಳಲ್ಲಿ ಕಟ್ಟಿದ ಅವರೇ, ಮಹಾನಗರದ ಕಂಪನಿಯೊಳಗಿನ ಭಯ ಸಂಶಯಗಳನ್ನು ವಸ್ತುವಾಗಿಸಿ 1979ರಲ್ಲಿ 'ಶಿಕಾರಿ' ಕಾದಂಬರಿ ಕೊಟ್ಟರು. ಗೋಕರ್ಣದ ಜಯಂತ ಕಾಯ್ಕಿಣಿಯವರೂ ಔಷಧ ಕಂಪನಿಯ ನೌಕರಿಗೆಂದು ಮುಂಬಯಿಗೆ ಹೋದವರು. ಅಲ್ಲಿಯ ಸಾಮಾನ್ಯ ಜನರ ಬಗ್ಗೆ ಅವರು ಬರೆದ ಕನ್ನಡ ಕಥೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಸಂದಿತು. ಇಬ್ಬರೂ ತಾವು ನಿಂತ ನೆಲವನ್ನು ಕಣ್ಣುಬಿಟ್ಟು ನೋಡಿದರು.

ನಾವು ನಿಂತ ನೆಲ ಯಾವುದು? ವಾಡಿಯಲ್ಲಿದ್ದೇವೆ ಎಂದರೆ ಕರ್ನಾಟಕದ ನೆಂಟರು, "ಕಲಬುರಗಿ ಕಡೆಯ ವಾಡಿ ಜಂಕ್ಷನ್ನೇ?" ಎನ್ನುತ್ತಾರೆ. ಅಲ್ಲ, ನಾಗಪುರದ ಪಶ್ಚಿಮಕ್ಕೆ, ಅಮರಾವತಿ ರಸ್ತೆಯ ವಾಡಿ ಎಂದು ಬಿಡಿಸಿ ಹೇಳಬೇಕು. ಪ್ರತಿ ಸಲವೂ ತನ್ನ ಊರನ್ನು ಬಿಡಿಸಿ ಹೇಳಬೇಕಾದವರ ಬಳಿ ಕಥೆ ಇಲ್ಲದಿರುವುದು ಸಾಧ್ಯವೇ? ಸಾಲುಗಟ್ಟಿ ನಿಂತ ಲಾರಿಗಳು, ಗೋದಾಮುಗಳು, ಪಕ್ಕದಲ್ಲಿ ಅಂಬಾಝರಿಯ ಶಸ್ತ್ರಾಸ್ತ್ರ ಕಾರ್ಖಾನೆ, ಬೆಳಗಿನ ತರ್ರಿ ಪೋಹಾ, ಮೇ ತಿಂಗಳ ಉರಿಯಲ್ಲಿ ಕೂಲರಿನ ಒದ್ದೆ ಹುಲ್ಲಿನ ವಾಸನೆ. ಇವನ್ನು ಕನ್ನಡದ ಓದುಗ ಎಷ್ಟು ಕಥೆಗಳಲ್ಲಿ ಕಂಡಾನು? ಹೇಳಬೇಕಾದವರು ನೀವೇ.

ಒಂದು ಕಥೆ ಹುಟ್ಟುವ ಬಗೆ

ಒಂದು ಅಭ್ಯಾಸ ಮಾಡಿ ನೋಡೋಣ. ಪೋಳಾದ ಮರುದಿನ ನಾಗಪುರದ ಮಕ್ಕಳು ಮರದ ಎತ್ತು ಸಿಂಗರಿಸಿ ತಾನ್ಹಾ ಪೋಳಾ ಮಾಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಒಂದು ಮರದ ಎತ್ತು, ಒಂದು ಮಣ್ಣಿನ ಎತ್ತು. ಇಷ್ಟು ಕೇವಲ ವಿಷಯ, ಇನ್ನೂ ಕಥೆಯಾಗಿಲ್ಲ.

ಈಗ ಒಬ್ಬ ವ್ಯಕ್ತಿಗೆ ಒಂದು ಬೇಕು ಕೊಡಿ. ವಿಜಯಪುರದಿಂದ ಮಗನ ಮನೆಗೆ ಬಂದ ಅಜ್ಜಿಗೆ ಎತ್ತು ಮಾಡಲು ಕರಿಮಣ್ಣು ಬೇಕು. ಆ ಬೇಕಿಗೆ ಒಂದು ಅಡ್ಡಿ ಇಡಿ. ಮನೆಯ ಸುತ್ತ ಎಲ್ಲ ಕಾಂಕ್ರೀಟು. ಮೊಮ್ಮಗ ಗೋದಾಮಿನ ಹಿತ್ತಲಿಗೆ ಹೋಗಿ ಮಣ್ಣು ಅಗೆಯುತ್ತಾನೆ. ಕಾವಲುಗಾರ ಬಂದು, ಏನು ಮಾಡುತ್ತಿದ್ದೀಯ ಎಂದು ಮರಾಠಿಯಲ್ಲಿ ಗದರುತ್ತಾನೆ. ಅಜ್ಜಿಗೆ ಎದುರು ಹೇಳಲಾಗದೆ ಬಂದ ಹುಡುಗ, ಇದನ್ನೆಲ್ಲ ಯಾಕೆ ಮಾಡಬೇಕೆಂದು ಸ್ವತಃ ತಿಳಿಯದ ಹುಡುಗ, ಈಗ ಇನ್ನೊಬ್ಬನಿಗೆ ವಿವರಿಸಬೇಕು. ಅವನು ಏನು ಹೇಳುತ್ತಾನೆ? ಕಾವಲುಗಾರನ ಊರಿನಲ್ಲೂ ಎತ್ತುಗಳಿದ್ದವೇ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಉತ್ತರ ತಿಳಿಯುವ ಕುತೂಹಲ ನಿಮಗೆ ಹುಟ್ಟಿದ್ದರೆ ಕಥೆ ಅಲ್ಲಿಂದ ಹೊರಟಿತೆಂದು ತಿಳಿಯಿರಿ.

ಸ್ವಂತ ನೋವನ್ನು ನೇರವಾಗಿ ಹೇಳಲು ಸಂಕೋಚವಾದರೆ ಬೇರೆ ವೇಷ ತೊಡಿಸಬಹುದು. ಕಾರ್ನಾಡರು ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ಇಂಗ್ಲಿಷ್ ಕವಿಯಾಗುವ ಕನಸು ಕಾಣುತ್ತಿದ್ದರು. ಮಗ ಹಿಂತಿರುಗಿ ಬರುತ್ತಾನೋ ಇಲ್ಲವೋ ಎಂದು ಮನೆಯಲ್ಲಿ ಆತಂಕ. ಆ ಒತ್ತಡದಲ್ಲಿ ಅವರಿಗೇ ಅಚ್ಚರಿಯಾಗುವಂತೆ ಹೊರಬಂದದ್ದು ಕನ್ನಡದ ನಾಟಕ 'ಯಯಾತಿ'. ತಂದೆಯ ಮುಪ್ಪನ್ನು ಮಗ ಹೊತ್ತುಕೊಳ್ಳುವ ಮಹಾಭಾರತದ ಕಥೆ. 1961ರಲ್ಲಿ ಅದು ಪ್ರಕಟವಾಯಿತು. ಕೆಲಸಕ್ಕಾಗಿ ಪುಣೆ, ಬೆಂಗಳೂರು, ವಿದೇಶ ಎಂದು ಹೊರಟು ನಿಂತ ನಿಮ್ಮಲ್ಲಿ ಎಷ್ಟೋ ಜನರ ಮನೆಯ ಮಾತು ಇದೇ ಅಲ್ಲವೇ?

ಕೆಲವು ಉಪಾಯಗಳು

ಬರೆಯುವ ಹೊತ್ತು, ತಿದ್ದುವ ಹೊತ್ತು ಬೇರೆ ಇರಲಿ. ಬರೆಯುವಾಗ ಕಾಗುಣಿತ ನೋಡಬೇಡಿ, ಮರುದಿನ ನೋಡಿ. ಲಿಪಿ ತಡೆಯಾದರೆ ಮೊದಲು ಮೊಬೈಲಿನಲ್ಲಿ ಮಾತಾಡಿ ಧ್ವನಿ ಮುದ್ರಿಸಿಕೊಳ್ಳಿ, ಆಮೇಲೆ ಬರೆದುಕೊಳ್ಳಿ. ದಿನಕ್ಕೆ ಹತ್ತು ಸಾಲು ಸಾಕು, ಹನಿಗೂಡಿದರೆ ಹಳ್ಳ. ಅಮೆರಿಕದ ಹೆಮಿಂಗ್ವೆ, ಮುಂದೇನಾಗುತ್ತದೆಂದು ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸುವಂತೆ ಹೇಳುತ್ತಿದ್ದರು. ಮರುದಿನ ಖಾಲಿ ಹಾಳೆಯ ಭಯವಿರುವುದಿಲ್ಲ. ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಅಮ್ಮ ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂಬುದು ಒಳ್ಳೆಯ ವಿಮರ್ಶೆ.

ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿ. ಕನ್ನಡನಾಡು ಗೋದಾವರಿಯವರೆಗೆ ಹಬ್ಬಿತ್ತೆಂದು ಕವಿರಾಜಮಾರ್ಗ ಹೇಳಿತು. ನಮ್ಮ ಹಿರಿಯರು ಆ ನದಿಯನ್ನೂ ದಾಟಿ ಇಲ್ಲಿಗೆ ಬಂದವರು. ಯಾಕೆ ಬಂದರು, ಮೊದಲ ರಾತ್ರಿ ಎಲ್ಲಿ ಮಲಗಿದರು, ಮರಾಠಿಯಲ್ಲಿ ಕಲಿತ ಮೊದಲ ಮಾತು ಯಾವುದು, ಊರಿಗೆ ಬರೆದ ಪತ್ರದಲ್ಲಿ ಏನನ್ನು ಮುಚ್ಚಿಟ್ಟರು? ಇವು ಯಾವ ಗ್ರಂಥಾಲಯದಲ್ಲೂ ಇಲ್ಲ. ಅವರ ನೆನಪಿನಲ್ಲಿವೆ, ನೆನಪು ವರ್ಷವರ್ಷಕ್ಕೆ ಸವೆಯುತ್ತಿದೆ. ನಮ್ಮ ಮಕ್ಕಳಿಗೆ ಕನ್ನಡ ಎಷ್ಟು ಉಳಿಯುತ್ತದೋ ಹೇಳಲಾಗದು. ಅಜ್ಜಿಯ ಮಾತೂ ಕಾವಲುಗಾರನ ಮಾತೂ ಎರಡೂ ಅರ್ಥವಾಗುವವರು ಈಗ ನೀವು.

ಈ ವಾರ ಮನೆಯ ಹಿರಿಯರೊಬ್ಬರಿಗೆ ಒಂದೇ ಒಂದು ಪ್ರಶ್ನೆ ಕೇಳಿ. ಅವರ ಉತ್ತರವನ್ನು ಅವರದೇ ಮಾತಿನಲ್ಲಿ ಹತ್ತು ಸಾಲು ಬರೆದಿಡಿ. ಹನ್ನೊಂದನೆಯ ಸಾಲನ್ನು ನಿಮ್ಮ ಕಲ್ಪನೆಯಿಂದ ಬರೆಯಿರಿ.