ಡಾಟ್ ಇನ್ ಕೊಂಡರೆ ಮನೆ ವಿಳಾಸ ಬಯಲಾಗುತ್ತದೆಯೇ?

ಸೇಲಂ–ಜೋಲಾರಪೇಟೆ ರೈಲು ಮಾರ್ಗದ ಮೊರಪ್ಪೂರಿನಲ್ಲಿ ಮನೆಯಿಂದಲೇ ಸೀರೆ ಮಾರುವ ಕನ್ನಡ ಕುಟುಂಬವೊಂದು ವ್ಯಾಪಾರದ ಜಾಲತಾಣಕ್ಕೆಂದು ಡಾಟ್ ಇನ್ ಹೆಸರು (ಡೊಮೇನ್) ಕೊಂಡಿತು ಎಂದುಕೊಳ್ಳಿ. ಮನೆ ವಿಳಾಸ, ಮೊಬೈಲ್ ನಂಬರು ಜಗತ್ತಿಗೆಲ್ಲ ಕಾಣುತ್ತವೆ ಎಂದು ಯಾರಾದರೂ ಹೆದರಿಸದೆ ಇರುವುದಿಲ್ಲ.

ಈ ಹೆದರಿಕೆ ಹಿಂದೆ ನಿಜವೇ ಆಗಿತ್ತು. ಜಾಲದ ವಿಳಾಸ ಪುಸ್ತಕದಂತಿದ್ದ 1982ರ ‘ಹೂಈಸ್’ ವ್ಯವಸ್ಥೆ ಹುಟ್ಟಿದ್ದು ಜಾಲದಲ್ಲಿದ್ದ ಕೆಲವೇ ಸಂಶೋಧನಾ ಸಂಸ್ಥೆಗಳವರು ಒಬ್ಬರನ್ನೊಬ್ಬರು ಸಂಪರ್ಕಿಸಲೆಂದು. ಜಾಲ ಸಂತೆಯಾದ ಮೇಲೂ, ಹೆಸರು ಕೊಂಡವರ ವಿವರವಿದ್ದ ಆ ಪುಸ್ತಕ ತೆರೆದೇ ಇತ್ತು. ಯುರೋಪಿನ ಖಾಸಗಿತನದ ಕಾನೂನು 2018ರ ಮೇ 25ರಂದು ಜಾರಿಗೆ ಬರುವ ಹೊತ್ತಿಗೆ ಜಾಲದ ಹೆಸರುಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್ ಎಚ್ಚೆತ್ತು, ಡಾಟ್ ಕಾಮ್‌ನಂಥ ಹೆಸರುಗಳ ಖಾಸಗಿ ವಿವರ ಮರೆಮಾಡಲು ದಾರಿ ಮಾಡಿತು.

ಡಾಟ್ ಇನ್ ನಡೆಸುವುದು ನಮ್ಮ ದೇಶದ ನಿಕ್ಸಿ ಸಂಸ್ಥೆ. ಮಾಲೀಕರ ಬದಲು ಬೇರೆ ಕಂಪನಿಯ ಹೆಸರು ತೋರಿಸುವ ಮರೆಸೇವೆಗೆ ಅಲ್ಲಿ ಅವಕಾಶವಿಲ್ಲ. ಹಾಗಾಗಿಯೇ ‘ಡಾಟ್ ಇನ್‌ನಲ್ಲಿ ಎಲ್ಲವೂ ಬಯಲು’ ಎಂಬ ಮಾತು ಹಬ್ಬಿದೆ. ಆದರೆ ಈಗ ಹೂಈಸ್‌ನಲ್ಲಿ ಹುಡುಕಿ ನೋಡಿದರೆ ಹೆಸರು, ಬೀದಿ, ಫೋನು, ಇಮೇಲ್ ಸಾಮಾನ್ಯವಾಗಿ ಮುಚ್ಚಿರುತ್ತವೆ. ಕಾಣುವುದು ಸಂಸ್ಥೆ, ರಾಜ್ಯ, ದೇಶ. ನಮ್ಮ ಸೀರೆಯವರ ವಿಷಯದಲ್ಲಿ ತಮಿಳುನಾಡು ಎಂದು ಬರುತ್ತದೆ, ಮೊರಪ್ಪೂರು ಎಂದು ಬರುವುದಿಲ್ಲ. ಒಂದೇ ಎಚ್ಚರಿಕೆ: ‘ಸಂಸ್ಥೆ’ ಎಂಬ ಕಾಲಂನಲ್ಲಿ ಸ್ವಂತ ಹೆಸರು ತುಂಬಿದರೆ ಅದು ಎಲ್ಲರಿಗೂ ಕಾಣುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ.

ಇನ್ನು ‘ಮುಚ್ಚಿದ್ದರಿಂದ ಮೋಸಗಾರ ಸಿಗುವುದೇ ಇಲ್ಲ’ ಎನ್ನುವವರಿದ್ದಾರೆ. ವಿವರ ಅಳಿದಿಲ್ಲ, ಹೆಸರು ನೋಂದಾಯಿಸಿದ ಕಂಪನಿ, ಅಂದರೆ ರಿಜಿಸ್ಟ್ರಾರ್ ಬಳಿ ಇದೆ. ಪೊಲೀಸರು ಕಾನೂನಿನ ಪ್ರಕಾರ ಕೇಳಿ ಪಡೆಯಬಹುದು. ನಿಜವಾಗಿ ತೊಂದರೆಗೆ ಸಿಕ್ಕವರು ನಕಲಿ ತಾಣಗಳ ಬೆನ್ನು ಹತ್ತುತ್ತಿದ್ದ ಸಂಶೋಧಕರು, ಪತ್ರಕರ್ತರು. ಮೋಸಗಾರನಂತೂ ತೆರೆದ ಪುಸ್ತಕದ ಕಾಲದಲ್ಲೂ ಸುಳ್ಳು ವಿಳಾಸವನ್ನೇ ಬರೆಸುತ್ತಿದ್ದ.

ಹಾಗೆಯೇ, ಹೂಈಸ್‌ನಲ್ಲಿ ಐಪಿ ವಿಳಾಸ (ಜಾಲಕ್ಕೆ ಸೇರಿದ ಸಾಧನದ ಸಂಖ್ಯೆ) ಹುಡುಕಿದರೆ ಮನೆ ಸಿಗುತ್ತದೆ ಎಂಬುದು ಸಿನಿಮಾ ಕಥೆ. ಆ ದಾಖಲೆಯಲ್ಲಿರುವುದು ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿಯ ಹೆಸರು. ಒಂದೇ ಐಪಿ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುವುದೂ ಉಂಟು. ಯಾವ ಗಳಿಗೆಯಲ್ಲಿ ಯಾರು ಬಳಸಿದರೆಂಬುದು ಕಂಪನಿಯ ಲಾಗ್‌ನಲ್ಲಷ್ಟೇ ಇರುತ್ತದೆ.

ನನ್ನ ಮಟ್ಟಿಗೆ, ವ್ಯಕ್ತಿಯ ವಿವರ ಮುಚ್ಚಿರಬೇಕು, ಹಣ ಪಡೆಯುವ ಕಂಪನಿಯ ವಿವರ ತೆರೆದಿರಬೇಕು. ಮುಚ್ಚಿರುತ್ತದಲ್ಲ ಎಂದು ಸುಳ್ಳು ವಿವರ ಮಾತ್ರ ತುಂಬಬೇಡಿ. ಅದೊಂದೇ ಕಾರಣಕ್ಕೆ ನಿಮ್ಮ ಡೊಮೇನ್ ಅಮಾನತಾಗಬಹುದು.