ಕಲ್ಲಿನ ತುದಿಯ ಲಿಂಗ ಮತ್ತು ನನ್ನ ಸ್ಟೇಟಸ್

ಕಾಲೇಜಿನಿಂದ ಶಿವಮೊಗ್ಗಕ್ಕೆ ಟ್ರಿಪ್ ಹೋಗಿದ್ದಾಗ ಶಿವಪ್ಪನಾಯಕನ ಅರಮನೆ ನೋಡಿದೆವು. ಅಲ್ಲಿ ಸಾಲು ಸಾಲು ವೀರಗಲ್ಲುಗಳು. ಒಂದರ ಫೋಟೊ ತೆಗೆದೆ. ಕೆಳಗೆ ದನಗಳ ಸಾಲು, ಬಿಲ್ಲು ಹಿಡಿದ ವೀರ; ಮೇಲ್ತುದಿಯಲ್ಲಿ ಶಿವಲಿಂಗ. ‘ಧರ್ಮಕ್ಕಾಗಿ, ಗೋವಿಗಾಗಿ ಮಡಿದವನು’ ಎಂದು ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ. ಬೆಂಕಿ ಇಮೋಜಿಗಳು ಬಂದದ್ದೇ ಬಂದದ್ದು.

ನಾನು ಬೆಳ್ತಂಗಡಿ ಕಡೆಯವನು, ಓದುವುದು ಮೂಡುಬಿದಿರೆಯಲ್ಲಿ. ಬಂಟ್ವಾಳದಿಂದ ಬರುವ ಗೆಳೆಯನೊಬ್ಬ ದಿನಾ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾನೆ, ಬ್ಯಾರಿ ಹುಡುಗ. ಮರುದಿನ ಕೇಳಿದ: “ಸ್ಟೇಟಸ್ ನೋಡಿದೆ ಮಾರಾಯ. ಆ ದನ ಕದಿಯಲಿಕ್ಕೆ ಬಂದದ್ದು ಯಾರು?”

ನಗುತ್ತಲೇ ಕೇಳಿದ್ದ. ಆದರೆ ನಮ್ಮ ಜಿಲ್ಲೆಯಲ್ಲಿ ಆ ಪ್ರಶ್ನೆಗೆ ಎಂಥ ತೂಕ ಉಂಟೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನಲ್ಲಿ ಉತ್ತರ ಇರಲಿಲ್ಲ.

ಇತಿಹಾಸದ ಮೇಷ್ಟ್ರ ಹತ್ತಿರ ಫೋಟೊ ಹಿಡಿದುಕೊಂಡು ಹೋದೆ. ಅವರು ಕೆಳಗಿನಿಂದ ಮೇಲೆ ಓದಲು ಕಲಿಸಿದರು. ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಜೈನ ವೀರನಾದರೆ ಲಿಂಗದ ಜಾಗದಲ್ಲಿ ಜಿನ. ಅಂದರೆ ಮೇಲಿನ ಚಿಹ್ನೆ ಹೇಳುವುದು ಸತ್ತವನು ಎಲ್ಲಿಗೆ ಹೋದ ಎಂದು. ಯಾಕೆ ಸತ್ತ ಎನ್ನುವುದು ಕೆಳಗಿರುತ್ತದೆ. ನಾನು ಓದಿದ್ದು ಬರೀ ಮೇಲಿನದ್ದು!

ನನ್ನ ಫೋಟೊದ್ದು ತುರುಗೋಳ್. ತುರು ಎಂದರೆ ದನ. ಅವುಗಳನ್ನು ಸೆರೆ ಹಿಡಿದು ಒಯ್ಯುವುದು ಆಗಿನ ಜಗಳದ ಮಾಮೂಲಿ ರೀತಿ. ದನವೇ ಊರಿನ ಸಂಪತ್ತು. ಬಂದವರು ಹೆಚ್ಚಾಗಿ ಪಕ್ಕದ ಸೀಮೆಯವರು, ಅದೇ ಶಿವನಿಗೆ ಕೈಮುಗಿಯುವವರು. ಅವರಲ್ಲೊಬ್ಬ ಸತ್ತಿದ್ದರೆ ಅವನ ಊರಿನಲ್ಲೂ ಇಂಥದ್ದೇ ಕಲ್ಲು, ತುದಿಯಲ್ಲಿ ಇಂಥದ್ದೇ ಲಿಂಗ ನಿಲ್ಲಬಹುದಿತ್ತು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕತೆ ಇನ್ನೂ ಚಂದ. ಕ್ರಿ.ಶ. 950ರ ಹೊತ್ತಿನದು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೇರ, ಗಂಗರ ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯ ಜೊತೆ ಕಾದಾಡಿ ಸತ್ತಿತು. ಅದರ ಕಲ್ಲನ್ನು ಶಿವಾಲಯದೆದುರು ನಿಲ್ಲಿಸಿ, ಪೂಜಿಸದೆ ಉಂಡರೆ ಗೊರವನಿಗೆ ಪಾಪ ಎಂದು ಬರೆಸಿದ್ದಾರೆ. ಹಂದಿಯದ್ದು ಯಾವ ಧರ್ಮವೋ!

ಅಷ್ಟು ದೂರ ಯಾಕೆ? ಉಳ್ಳಾಲದ ಅಬ್ಬಕ್ಕ ಚೌಟರ ಮನೆತನದವಳು, ಜೈನಳು. ಚೌಟರ ಅರಮನೆ ಮೂಡುಬಿದಿರೆಯಲ್ಲಿ ಈಗಲೂ ಉಂಟು. ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದೆ ಕಾದಿದಳು. ಅವರ ಪಕ್ಷ ಹಿಡಿದವನೆಂದು ಕತೆ ಹೇಳುವುದು ಅವಳ ಗಂಡ ಬಂಗರಸನನ್ನು, ಅವನೂ ಜೈನನೇ. ಬಂಗರ ಬಂಗಾಡಿ ನಮ್ಮ ತಾಲೂಕಿನಲ್ಲೇ ಇದೆ. ಇನ್ನು ಅಬ್ಬಕ್ಕನ ಕಡೆ ಮೊಗವೀರರೂ ಇದ್ದರು, ಮುಸ್ಲಿಮರೂ ಇದ್ದರು.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಸ್ಟೇಟಸ್ ಅಷ್ಟರಲ್ಲಿ ತಾನಾಗಿ ಮಾಯವಾಗಿತ್ತು, ಹಾಗಾಗಿ ಅಳಿಸಿದ ಪುಣ್ಯ ನನಗಿಲ್ಲ. ಅವನು “ಬಿ.ಸಿ.ರೋಡಿಗೆ ಬಾ, ಅಬ್ಬಕ್ಕನ ಹೆಸರಿನ ತುಳು ಅಧ್ಯಯನ ಕೇಂದ್ರದ ಮ್ಯೂಸಿಯಂ ತೋರಿಸುತ್ತೇನೆ” ಅಂದ. ಮುಂದಿನ ಭಾನುವಾರ ಹೋಗುವುದೆಂದಾಯಿತು. ಬಸ್ಸಿನ ದುಡ್ಡು ನನ್ನದಂತೆ.