ಕ್ರ್ಯಾಂಕ್ ಪುಲ್ಲಿಗೆ ಪಿನ್ ಹೊಡೆಯುವ ಮುನ್ನ

ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಮೆಕ್ಕೆಜೋಳದ ರಾಶಿ ಶುರುವಾಯಿತೆಂದರೆ ಲೇತ್ ಅಂಗಡಿಯವರಿಗೆ ಬಿಡುವಿರುವುದಿಲ್ಲ. ರಾಶಿ ಮಷಿನ್ನಿನ ಪುಲ್ಲಿ ಶಾಫ್ಟಿನ ಮೇಲೆ ಸಡಿಲಾಗಿರುತ್ತದೆ, ಕೀ ಕತ್ತರಿಸಿರುತ್ತದೆ, ಕೀ ಕೂರುವ ಕಚ್ಚು ಅಗಲವಾಗಿರುತ್ತದೆ. ಕೂಡ್ಲಿಗಿಯ ಶೇಂಗಾ ಯಂತ್ರಕ್ಕೂ ಕೊಟ್ಟೂರಿನ ಗೂಡ್ಸ್ ಗಾಡಿಯ ಇಂಜಿನ್ನಿಗೂ ಬರುವ ಬೇನೆ ಇದೇ. ಸೂಪರ್‌ಚಾರ್ಜರ್ ಕೂರಿಸಿದ ಕಾರಿನಲ್ಲಿ ಇದು ಇನ್ನೂ ಜೋರಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮಾಡುವ ಉಪಾಯವೇ ಪಿನ್ ಹೊಡೆಯುವುದು.

ಕಾರಿನ ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿಯಲ್ಲಿ ಕೂತಿರುವ ದಪ್ಪ ಚಕ್ರ ಬರೀ ಬೆಲ್ಟ್ ತಿರುಗಿಸುವ ಪುಲ್ಲಿಯಲ್ಲ, ಅದು ಬ್ಯಾಲೆನ್ಸರ್ ಕೂಡ ಹೌದು. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ಇಂಧನ ಉರಿಯುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 100 ಹೊಡೆತ. ಪ್ರತಿ ಹೊಡೆತಕ್ಕೂ ಕ್ರ್ಯಾಂಕ್ ಒಂದಿಷ್ಟು ತಿರುಚಿ ಮರಳಿ ನೆಟ್ಟಗಾಗುತ್ತದೆ. ಒಳಗಿನ ಹಬ್ಬಿಗೂ ಹೊರಗಿನ ಭಾರದ ಬಳೆಗೂ ನಡುವೆ ಇರುವ ರಬ್ಬರ್ ಈ ನಡುಕವನ್ನು ನುಂಗುತ್ತದೆ. ಹಬ್ಬು ಮಾತ್ರ ಶಾಫ್ಟಿನ ಮೇಲೆ ಕೂದಲೆಳೆಯಷ್ಟೂ ಅಲುಗಾಡಬಾರದು.

ಸೂಪರ್‌ಚಾರ್ಜರ್ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಟರ್ಬೊ ಹೊಗೆಯ ರಭಸದಿಂದ ತಿರುಗಿದರೆ ಇದು ಬೆಲ್ಟಿನಿಂದ ತಿರುಗುತ್ತದೆ. ಆ ಬೆಲ್ಟಿಗೆ ಬಲ ಕೊಡುವುದು ಇದೇ ಪುಲ್ಲಿ. ಮರ್ಸಿಡಿಸ್ ಕಾರುಗಳ ಹಿಂಬದಿಯಲ್ಲಿ ‘ಕಾಂಪ್ರೆಸರ್’ ಎಂದು ಬರೆದಿರುತ್ತಿದ್ದುದು ಇದಕ್ಕೇ. 6000 ಸುತ್ತಿನಲ್ಲಿ ಈ ಸೂಪರ್‌ಚಾರ್ಜರ್, ಅಂದರೆ ಬ್ಲೋವರ್, 50 ಅಶ್ವಶಕ್ತಿ ಎಳೆದರೆ ಪುಲ್ಲಿಯ ಮೇಲೆ ಸುಮಾರು 60 ನ್ಯೂಟನ್ ಮೀಟರ್ ತಿರುಚುಬಲ ಬೀಳುತ್ತದೆ. ಅದು ದೊಡ್ಡದೇನಲ್ಲ. ಅಪಾಯ ಇರುವುದು ವೇಗ ಏಕಾಏಕಿ ಬದಲಾಗುವಾಗ. ಬ್ಲೋವರಿನ ರೋಟರ್ ಕ್ರ್ಯಾಂಕಿಗಿಂತ ಮೂರು ಪಟ್ಟು ವೇಗವಾಗಿ ತಿರುಗುತ್ತಿದ್ದರೆ ಅದರ ಜಡತ್ವ ಕ್ರ್ಯಾಂಕಿಗೆ ಒಂಬತ್ತು ಪಟ್ಟಾಗಿ ತಾಗುತ್ತದೆ. ಗೇರ್ ಬದಲಿಸಿದಾಗ ಇಂಜಿನ್ ಥಟ್ಟನೆ ಇಳಿಯಲು ನೋಡಿದರೂ ರೋಟರ್ ಇಳಿಯಲೊಲ್ಲದು. ಆ ಎಳೆತಕ್ಕೆ ಹಬ್ಬು ಜಾರುತ್ತದೆ. ಜನರಲ್ ಮೋಟಾರ್ಸ್ ಕಂಪನಿಯ ಎಲ್‌ಎಸ್ ಮಾದರಿಯ ಹೆಚ್ಚಿನ ಇಂಜಿನ್ನುಗಳಲ್ಲಿ ಈ ಹಬ್ಬಿಗೆ ಕೀ ಇಲ್ಲ. ಬಿಗಿ ಕೂರಿಕೆ ಮತ್ತು ಬೋಲ್ಟಿನ ಒತ್ತಡವೇ ಎಲ್ಲವನ್ನೂ ಹಿಡಿದಿರುತ್ತದೆ. ಪಿನ್ ಹೊಡೆಯುವ ರೂಢಿ ಹೆಚ್ಚಾಗಿ ಅಂಥ ಇಂಜಿನ್ನುಗಳದ್ದು.

ಜಾರಿಕೆಯನ್ನು ಹಿಡಿಯುವುದು ಕಷ್ಟವಲ್ಲ. ಬೋಲ್ಟ್ ಬಿಚ್ಚಿ ಹಬ್ಬಿನ ಬಾಯಿಯಲ್ಲಿ ನೋಡಿ: ಕಾವಿ ಬಣ್ಣದ ಸಣ್ಣ ಪುಡಿ ಅಂಟಿಕೊಂಡಿದ್ದರೆ ಲೋಹಕ್ಕೆ ಲೋಹ ಉಜ್ಜಿದೆ ಎಂದೇ ಅರ್ಥ. ಇನ್ನೊಂದು ಉಪಾಯವೂ ಇದೆ. ಬೋಲ್ಟಿನ ತಲೆಯಿಂದ ಹಬ್ಬಿನ ಮೇಲೆ, ಹಬ್ಬಿನಿಂದ ಹೊರಬಳೆಯವರೆಗೆ ಬಿಳಿ ಪೇಂಟಿನಲ್ಲಿ ಒಂದೇ ಗೆರೆ ಎಳೆದು ಗಾಡಿ ಓಡಿಸಿ ಬನ್ನಿ. ಬೋಲ್ಟಿನ ಹತ್ತಿರ ಗೆರೆ ಮುರಿದಿದ್ದರೆ ಹಬ್ಬು ಜಾರಿದೆ. ಹೊರಬಳೆಯ ಹತ್ತಿರ ಮುರಿದಿದ್ದರೆ ರಬ್ಬರ್ ಬಿಟ್ಟಿದೆ; ಅದಕ್ಕೆ ಪಿನ್ ಹೊಡೆದು ಫಲವಿಲ್ಲ, ಹೊಸ ಬ್ಯಾಲೆನ್ಸರ್ ಹಾಕಬೇಕು.

ಎತ್ತಿನ ಬಂಡಿಯ ಕಡಾಣಿ ಚಕ್ರ ಕಳಚದಂತೆ ತಡೆಯುತ್ತದೆ, ತಿರುಗಲು ಬಿಡುತ್ತದೆ. ಇಲ್ಲಿಯ ಪಿನ್ನಿನ ಕೆಲಸ ಇದಕ್ಕೆ ತದ್ವಿರುದ್ಧ: ಹಬ್ಬು ಶಾಫ್ಟಿನ ಮೇಲೆ ತಾನೇ ತಿರುಗದಂತೆ ತಡೆಯಬೇಕು. ಶಾಫ್ಟ್ ಮತ್ತು ಹಬ್ಬು ಸೇರುವ ಸಂದಿನಲ್ಲಿ, ಶಾಫ್ಟಿಗೆ ಸಮಾನಾಂತರವಾಗಿ, ಅರ್ಧ ಅದರಲ್ಲಿ ಅರ್ಧ ಇದರಲ್ಲಿ ಬರುವಂತೆ ತೂತು ಕೊರೆದು ಗಟ್ಟಿ ಉಕ್ಕಿನ ಸರಳು ಕೂರಿಸುತ್ತಾರೆ. ಇದಕ್ಕೆ ಸ್ಕಾಚ್ ಕೀ ಎನ್ನುತ್ತಾರೆ. ಕೀ ಕಚ್ಚು ಹಾಳಾದ ಪುಲ್ಲಿಯನ್ನು ಉಳಿಸಿಕೊಳ್ಳಲು ಲೇತ್ ಕೆಲಸದಲ್ಲಿ ಬಹಳ ಹಿಂದಿನಿಂದ ಬಂದ ವಿದ್ಯೆಯೇ ಇದು.

ಆದರೆ ಮೊದಲು ಅಳತೆ. ಹಬ್ಬನ್ನು ಅದರ ಮೈಯಲ್ಲಿರುವ ಬೋಲ್ಟ್ ತೂತುಗಳಿಗೆ ಪುಲ್ಲರ್ ಕಟ್ಟಿ ತೆಗೆಯಿರಿ. ಹೊರಬಳೆ ಹಿಡಿದು ಎಳೆದರೆ ರಬ್ಬರ್ ಹರಿಯುತ್ತದೆ. ಶಾಫ್ಟಿನ ತುದಿಯನ್ನು ಮೈಕ್ರೊಮೀಟರಿನಲ್ಲೂ ಹಬ್ಬಿನ ಒಳತೂತನ್ನು ಬೋರ್ ಗೇಜಿನಲ್ಲೂ ಅಳೆಯಿರಿ. 38 ಮಿ.ಮೀ. ಶಾಫ್ಟಿಗೆ ಹಬ್ಬಿನ ತೂತು ಸುಮಾರು 0.02ರಿಂದ 0.04 ಮಿ.ಮೀ. ಚಿಕ್ಕದಿರಬೇಕು. ಕೈಯಿಂದ ಸಲೀಸಾಗಿ ಜಾರಿ ಕೂರುವ ಹಬ್ಬು ಕೆಲಸಕ್ಕೆ ಬಾರದು.

ಪಿನ್ನಿನ ಬಲಕ್ಕೇನೂ ಕೊರತೆಯಿಲ್ಲ. 6 ಮಿ.ಮೀ. ದಪ್ಪ, 25 ಮಿ.ಮೀ. ಉದ್ದದ ಒಂದು ಪಿನ್, ಪ್ರತಿ ಚದರ ಮಿ.ಮೀ.ಗೆ 200 ನ್ಯೂಟನ್ ಎಂದು ಹಿಡಿದರೂ, ಕತ್ತರಿಸುವ ಮುನ್ನ ಆ ಶಾಫ್ಟಿನ ಮೇಲೆ 570 ನ್ಯೂಟನ್ ಮೀಟರ್ ತಡೆಯುತ್ತದೆ. ಹಾಗಿದ್ದೂ ಪಿನ್ ಹಾಳಾಗುವುದು ಹಬ್ಬು ಸಡಿಲಿದ್ದಾಗ. ಹಿಂದಕ್ಕೂ ಮುಂದಕ್ಕೂ ಸೆಕೆಂಡಿಗೆ ನೂರು ಸಲ ಬಡಿಸಿಕೊಂಡರೆ ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಭಾರ ಹೊರಬೇಕಾದದ್ದು ಬಿಗಿ ಕೂರಿಕೆ ಮತ್ತು ಬೋಲ್ಟು. ಪಿನ್ ಅವುಗಳ ಬೆನ್ನಿಗೆ ನಿಲ್ಲುವ ಕಾವಲು ಮಾತ್ರ.

ಹಬ್ಬು ಕೂರಿಸುವಾಗ ಸುತ್ತಿಗೆ ಬೇಡ. ಥ್ರಸ್ಟ್ ಬೇರಿಂಗಿಗೆ ಏಟು ಬೀಳುತ್ತದೆ. ಹಬ್ಬನ್ನು ಕುದಿಯುವ ನೀರಿನ ಬಿಸಿಗೆ ತಂದರೆ ತೂತು ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಗ್ಯಾಸ್ ಉರಿ ಹಿಡಿದರೆ ರಬ್ಬರ್ ಸುಡುತ್ತದೆ. ಉಳಿದದ್ದನ್ನು ಉದ್ದ ಸ್ಟಡ್ ಮತ್ತು ನಟ್ಟಿನಿಂದ ಎಳೆದು ಕೂರಿಸಬೇಕು. ಒಂದನೇ ಪಿಸ್ಟನ್ನನ್ನು ಡಯಲ್ ಗೇಜಿನಿಂದ ಮೇಲ್ತುದಿಗೆ ತಂದು ಟೈಮಿಂಗ್ ಗುರುತು ಸೊನ್ನೆಗೆ ನಿಂತಿದೆಯೇ ನೋಡಿ. ತೂತು ಕೊರೆದ ಮೇಲೆ ಇದನ್ನು ಸರಿಪಡಿಸಲಾಗದು.

ಕೊರೆಯುವಾಗ ಗೈಡ್ ಬುಷ್ ಇಲ್ಲದೆ ಕೈ ಹಾಕಬೇಡಿ. ಹಬ್ಬಿನ ಬೀಡು ಮೆದು, ಕ್ರ್ಯಾಂಕಿನ ಉಕ್ಕು ಗಟ್ಟಿ. ಬಿಟ್ ಮೆದುವಿನ ಕಡೆಗೇ ವಾಲುತ್ತದೆ. ಗೈಡನ್ನು ಕ್ರ್ಯಾಂಕ್ ಬೋಲ್ಟಿನಿಂದ ಬಿಗಿದು, ಚಿಕ್ಕ ಬಿಟ್ಟಿನಲ್ಲಿ ಮೊದಲು ಕೊರೆದು, ಕೊನೆಯ ಅಳತೆಗೆ ರೀಮರ್ ಹಾಕಬೇಕು. ಬಿಟ್ಟಿಗೆ ಗ್ರೀಸ್ ಸವರಿದರೆ ಚೂರು ಅದರಲ್ಲೇ ಅಂಟುತ್ತದೆ. ಆಳಕ್ಕೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಹಳೆಯ ಕೀ ಕಚ್ಚು ಇದ್ದರೆ ಅದರಿಂದ ದೂರದಲ್ಲಿ ಕೊರೆಯಿರಿ. ಎರಡು ಪಿನ್ ಹಾಕುವುದಾದರೆ ಎದುರುಬದುರಾಗಿರಲಿ. ಪಿನ್ನಿನ ಮೈಗೆ ಗಾಳಿ ಹೊರಬರುವಷ್ಟು ಸಣ್ಣ ಗೀರು ಕೊಟ್ಟು ಹಗುರಾಗಿ ಬಡಿದು ಕೂರಿಸಿ. ಅದರ ತಲೆ ಹಬ್ಬಿನ ಮಟ್ಟಕ್ಕಿಂತ ಕೆಳಗೇ ಇರಬೇಕು. ಮೇಲೆದ್ದರೆ ಬೋಲ್ಟಿನ ವಾಷರ್ ಹಬ್ಬನ್ನು ಬಿಟ್ಟು ಪಿನ್ನನ್ನು ಒತ್ತುತ್ತದೆ, ಮಾಡಿದ ಕೆಲಸವೆಲ್ಲ ದಂಡ. ಹಿಗ್ಗುವ ಜಾತಿಯ ಬೋಲ್ಟಾದರೆ ಹೊಸದನ್ನೇ ಹಾಕಿ, ಕಂಪನಿ ಹೇಳಿದ ಟಾರ್ಕಿಗೆ ಬಿಗಿಯಿರಿ.

ಒಂದು ಮಾತು ಕಾನೂನಿನದು: ಕಂಪನಿ ಕೊಟ್ಟಿರದ ಸೂಪರ್‌ಚಾರ್ಜರನ್ನು ರಸ್ತೆಯ ಕಾರಿಗೆ ಕೂರಿಸಲು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಅಡ್ಡ ಬರುತ್ತದೆ. ಆರ್‌ಟಿಒ ಕಚೇರಿಯಲ್ಲಿ ಕೇಳಿಯೇ ಕೈಹಾಕಿ.

ರಾಶಿ ಮಷಿನ್ನಾಗಲಿ ಕಾರಾಗಲಿ, ಸಡಿಲಾದ ಪುಲ್ಲಿಯನ್ನು ಶಾಫ್ಟಿಗೆ ವೆಲ್ಡಿಂಗ್ ಮಾಡಿಸಬೇಡಿ. ಆ ಬಿಸಿಗೆ ಉಕ್ಕು ಪೆಡಸಾಗಿ ಶಾಫ್ಟ್ ಅಲ್ಲಿಯೇ ಮುರಿಯುತ್ತದೆ, ಮುಂದೆ ಸೀಲ್ ಬದಲಿಸಲೂ ದಾರಿ ಇರುವುದಿಲ್ಲ. ಪಿನ್ ಹೊಡೆಸಿದವರು ಕೆಲವು ನೂರು ಕಿಲೋಮೀಟರ್ ಓಡಿಸಿ ಪೇಂಟಿನ ಗೆರೆಯನ್ನು ಮತ್ತೆ ನೋಡಿ. ಕಾವಿ ಪುಡಿ ಮತ್ತೆ ಕಂಡರೆ ಇನ್ನೊಂದು ಪಿನ್ ಹುಡುಕಬೇಡಿ, ಹಬ್ಬನ್ನೇ ಬದಲಿಸಿ.